ಕಂಬದ ತಲೆ ಕಂಡಿತು, ಬುಡ ಕಾಣಲಿಲ್ಲ: ವಿಕ್ಟೋರಿಯಾದ ಹಳ್ಳಿಗಾಡಿನ ಹೆಲಿಕಾಪ್ಟರ್ ಲೈನ್ ತಪಾಸಣೆ

ಕಳೆದ ಸೆಪ್ಟೆಂಬರ್ ಕೊನೆಯ ವಾರ ಮಗಳ ಫೋನಿಗೆ ಇಲ್ಲಿನ, ಅಂದರೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ, ವಿದ್ಯುತ್ ವಿತರಣಾ ಕಂಪನಿಯಿಂದ ಒಂದು ಸಂದೇಶ ಬಂತು. ಮುಂದಿನ ಐದು ದಿನಗಳಲ್ಲಿ ಒಂದು ದಿನ ನಿಮ್ಮ ಜಮೀನಿನ ಮೇಲೆ ಹೆಲಿಕಾಪ್ಟರ್ ತಗ್ಗಿನಲ್ಲಿ ಹಾರಿ ವಿದ್ಯುತ್ ಲೈನನ್ನು ಪರೀಕ್ಷಿಸಲಿದೆ, ಕುದುರೆ ಮುಂತಾದ ಬೆದರುವ ಪ್ರಾಣಿಗಳಿದ್ದರೆ ದೂರದ ಆವರಣಕ್ಕೆ ಸಾಗಿಸಿ, ಕರೆಂಟು ತೆಗೆಯುವುದಿಲ್ಲ ಎಂಬುದು ಅದರ ಸಾರ. ಕರ್ನಾಟಕದ ಮಲೆನಾಡಿನಲ್ಲಿ ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯ ಎಂಜಿನಿಯರ್ ಆಗಿ ದುಡಿದು, ಮಳೆಗಾಲದಲ್ಲಿ ಲೈನ್‌ಮನ್‌ಗಳ ಜೊತೆ ಜಿಗಣೆ ಕಿತ್ತುಕೊಳ್ಳುತ್ತಾ ಹನ್ನೊಂದು ಕೆ.ವಿ. ಲೈನಿನ ಕೆಳಗೆ ಮೈಲುಗಟ್ಟಲೆ ನಡೆದು, ನಿವೃತ್ತನಾಗಿ ಮಗಳ ಮನೆ ಸೇರಿರುವ ನನಗೆ ಈ ಸಂದೇಶ ಹಬ್ಬದ ಕರೆಯೋಲೆಯಂತೆ ಕಂಡಿತು. ಗ್ರಾಹಕರು ಸಾಮಾನ್ಯವಾಗಿ ಈ ಸೇವೆಯನ್ನು ಗಮನಿಸುವುದಿಲ್ಲ, ಗಮನಿಸಿದವರೂ ಸದ್ದಿನ ಬಗ್ಗೆ ದೂರುತ್ತಾರೆಯೇ ಹೊರತು ಕೆಲಸದ ಗುಣಮಟ್ಟ ಅಳೆಯುವುದಿಲ್ಲ. ಬಿಲ್ಲಿನಲ್ಲಿ ನಾವೇ ಹಣ ತೆರುವ ಸೇವೆಯಾದ್ದರಿಂದ ಇದಕ್ಕೊಂದು ವಿಮರ್ಶೆ ಇರಲಿ ಎಂದು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ಲೈನಿನ ಪರಿಚಯ ಆಗಬೇಕು, ಏಕೆಂದರೆ ನಮ್ಮೂರಿನ ಓದುಗರಿಗೆ ಇದು ಅಪರೂಪದ ಪ್ರಾಣಿ. ಮಗಳ ಜಮೀನು ಮೆಲ್ಬರ್ನ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಸುತ್ತ ಒಣ ಹುಲ್ಲಿನ ದಿಬ್ಬಗಳು, ನೀಲಗಿರಿ ಜಾತಿಯ ಮರಗಳು, ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದೆರಡು ಕಿಲೋಮೀಟರ್. ಇಂಥಲ್ಲಿಗೆ ಮೂರು ತಂತಿ ಎಳೆದು ಕರೆಂಟು ಕೊಡುವುದು ದುಬಾರಿಯೆಂದು ಒಂದೇ ತಂತಿ ಎಳೆದಿದ್ದಾರೆ. ವಾಪಸು ದಾರಿಗೆ ತಂತಿಯೇ ಇಲ್ಲ, ಕರೆಂಟು ಮಣ್ಣಿನ ಮೂಲಕ ಹಿಂದಿರುಗುತ್ತದೆ. ನ್ಯೂಜಿಲೆಂಡಿನ ಎಂಜಿನಿಯರ್ ಲಾಯ್ಡ್ ಮಾಂಡೆನೊ 1920ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆ ಆಸ್ಟ್ರೇಲಿಯಾದ ಒಳನಾಡಿನ ಉದ್ದಗಲಕ್ಕೂ ಹಬ್ಬಿದೆ. 12.7 ಕಿಲೋವೋಲ್ಟ್, ಹೆಚ್ಚಿನ ಕಡೆ ಮೂರು ಎಳೆಯ ಉಕ್ಕಿನ ತಂತಿ, ಮರದ ಕಂಬ, ಕಂಬದ ತುದಿಯಲ್ಲಿ ಕರೆಂಟು ಕಂಬಕ್ಕೆ ಹರಿಯದಂತೆ ತಡೆಯುವ ಒಂದೇ ಇನ್ಸುಲೇಟರ್, ಅಡ್ಡಪಟ್ಟಿಯೂ ಇಲ್ಲ. 'ಸಿಂಗಲ್ ವೈರ್ ಅರ್ಥ್ ರಿಟರ್ನ್' ಎಂಬ ಇಂಗ್ಲಿಷ್ ಹೆಸರಿನ ನಾಲ್ಕು ಮೊದಲಕ್ಷರಗಳನ್ನು ಕೂಡಿಸಿ ಇಲ್ಲಿಯವರು ಇದನ್ನು 'ಸ್ವರ್' ಎನ್ನುತ್ತಾರೆ. ಸಂಜೆಯ ಗಾಳಿಗೆ ಆ ಉದ್ದದ ಬಿಗಿ ತಂತಿ ತಂಬೂರಿಯಂತೆ ಗುಂಯ್‌ಗುಡುವುದನ್ನು ಕೇಳಿದ ಕನ್ನಡಿಗನಿಗೆ ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ಆ ನಾದವೇ ತಂತಿಯ ಆಯುಷ್ಯವನ್ನು ತಿನ್ನುವ ಕಂಪನ ಎಂಬುದನ್ನೂ ಹೇಳಬೇಕು. ಮುಂದೆ ಆ ಮಾತಿಗೆ ಬರುತ್ತೇನೆ.

ಹೆಲಿಕಾಪ್ಟರ್ ಬಂದದ್ದು ಮೂರನೆಯ ದಿನ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ. ಇಲ್ಲಿ 'ಸ್ಕ್ವಿರಲ್' ಎಂದು ಕರೆಯುವ, ಒಂದೇ ಎಂಜಿನ್ನಿನ ಎ.ಎಸ್. 350 ಮಾದರಿ. ಮೂತಿಯ ಕೆಳಗೆ ಕುಂಬಳಕಾಯಿ ಗಾತ್ರದ ಒಂದು ಗುಂಡು. ಅಲುಗಾಟವನ್ನು ತಾನೇ ಸರಿದೂಗಿಸಿಕೊಳ್ಳುವ ಕ್ಯಾಮೆರಾ ಅದರೊಳಗಿದೆ. ಪೈಲಟ್ ಒಬ್ಬರು, ಪಕ್ಕದಲ್ಲಿ ಪರದೆ ನೋಡುತ್ತಾ ಕ್ಯಾಮೆರಾ ತಿರುಗಿಸುವವರು ಒಬ್ಬರು. ತಂತಿಯ ನೇರ ಮೇಲಲ್ಲ, ಒಂದು ಪಕ್ಕಕ್ಕೆ ಸರಿದು, ಕಂಬದ ತುದಿಗಿಂತ ತುಸು ಮೇಲೆ ಅದು ಸಾಗುತ್ತಿತ್ತು. ಪ್ರತಿ ಕಂಬದ ಬಳಿ ಅರ್ಧ ನಿಮಿಷ ತೂಗಿ ನಿಂತು, ಹೂವಿನ ಮುಂದೆ ದುಂಬಿ ನಿಂತಂತೆ ಸ್ವಲ್ಪ ಓರೆಯಾಗಿ, ಮತ್ತೆ ಮುಂದಿನ ಕಂಬಕ್ಕೆ. ರಸ್ತೆಯ ಕವಲಿನಿಂದ ನಮ್ಮ ಮನೆಯ ಟಿ.ಸಿ.ವರೆಗಿನ (ಟ್ರಾನ್ಸ್‌ಫಾರ್ಮರ್‌ವರೆಗಿನ) ಹದಿನಾಲ್ಕು ಕಂಬಗಳನ್ನು ಅದು ನೋಡಿ ಮುಗಿಸಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಗಡಿಯಾರ ಹಿಡಿದೇ ನೋಡುತ್ತಿದ್ದೆ. ಅದೇ ಹದಿನಾಲ್ಕು ಕಂಬಗಳನ್ನು ಎರಡು ಬೇಲಿ, ಒಂದು ತೊರೆ ದಾಟಿ ಕಾಲ್ನಡಿಗೆಯಲ್ಲಿ ನೋಡಲು ನನಗೆ ಮರುದಿನ ಅರ್ಧ ದಿನ ಹಿಡಿಯಿತು, ಮತ್ತು ನಾನು ನೋಡಿದ್ದು ಅವರು ನೋಡಿದ್ದರ ಕಾಲುಭಾಗವೂ ಅಲ್ಲ.

ಸದ್ದು ದೊಡ್ಡದೇ. ನೆರೆಯ ಕುರಿಗಾರರ ಮಂದೆ ಒಂದು ಮೂಲೆಗೆ ಓಡಿ ಒತ್ತಿಕೊಂಡು ನಿಂತಿತು, ಹತ್ತು ನಿಮಿಷದಲ್ಲಿ ಮತ್ತೆ ಮೇಯತೊಡಗಿತು. ಮಗಳ ಎರಡು ಕುದುರೆಗಳನ್ನು ಹಿಂದಿನ ದಿನವೇ ತಗ್ಗಿನ ಗದ್ದೆಗೆ ಹೊಡೆದಿದ್ದರಿಂದ ತೊಂದರೆಯಾಗಲಿಲ್ಲ. ಮುನ್ಸೂಚನೆಯ ವಿಷಯದಲ್ಲಿ ಕಂಪನಿಗೆ ಪೂರ್ಣ ಅಂಕ ಕೊಡಬಹುದು. ಐದು ದಿನದ ಬದಲು ಎರಡು ದಿನದ ಅಂದಾಜು ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು, ಆದರೆ ಗಾಳಿ ಮತ್ತು ಮಂಜನ್ನು ನಂಬಿ ನಡೆಯುವ ಕೆಲಸದಲ್ಲಿ ಅಷ್ಟು ಖಚಿತತೆ ಕೇಳುವುದು ನ್ಯಾಯವಲ್ಲ.

ಈಗ ಯಂತ್ರಗಳ ಮಾತು. ಇಂಥ ಹಾರಾಟದಲ್ಲಿ ಮೂರು ಬಗೆಯ ಕಣ್ಣುಗಳಿರುತ್ತವೆ. ಒಂದು, ಸಾಮಾನ್ಯ ಬೆಳಕಿನ ಕ್ಯಾಮೆರಾ. ಬೋಲ್ಟಿನ ತಲೆಯ ತುಕ್ಕು ಕಾಣುವಷ್ಟು ಸೂಕ್ಷ್ಮ ಚಿತ್ರ ತೆಗೆಯುತ್ತದೆ. ಎರಡು, ಲೈಡಾರ್ ಎಂಬ ಲೇಸರ್ ಅಳತೆಗೋಲು. ತಂತಿ ಎಲ್ಲಿದೆ, ಮರದ ಕೊಂಬೆ ಎಲ್ಲಿದೆ, ನಡುವೆ ಎಷ್ಟು ಅಂತರ ಎಂಬುದನ್ನು ಮೂರು ಆಯಾಮಗಳಲ್ಲಿ ಬಿಂದುಬಿಂದುವಾಗಿ ದಾಖಲಿಸುತ್ತದೆ. ಮೂರು, ಶಾಖವನ್ನು ಕಾಣುವ ಥರ್ಮಲ್ ಕ್ಯಾಮೆರಾ. ಸಡಿಲವಾದ ಜಾಯಿಂಟ್ ಅಥವಾ ಜಂಪ್ (ಎರಡು ತಂತಿಗಳನ್ನು ಜೋಡಿಸುವ ತುಂಡು ತಂತಿ) ಬಿಸಿಯಾಗುವುದನ್ನು ತೋರಿಸುತ್ತದೆ. ಜಾಹೀರಾತಿನ ಕಾಗದಗಳಲ್ಲಿ ಮೂರನ್ನೂ ಒಂದೇ ಉಸಿರಿನಲ್ಲಿ ಹೊಗಳುವುದುಂಟು. ಆದರೆ ನಮ್ಮ ಒಂಟಿ ತಂತಿಯ ಲೈನಿಗೆ ಮೂರನೆಯದರ ಉಪಯೋಗ ತೀರ ಕಡಿಮೆ. 25 ಕೆ.ವಿ.ಎ. ಟಿ.ಸಿ. ಪೂರ್ಣ ಹೊರೆ ಹೊತ್ತಾಗಲೂ 12.7 ಕಿಲೋವೋಲ್ಟ್ ತಂತಿಯಲ್ಲಿ ಹರಿಯುವುದು ಎರಡು ಆಂಪಿಯರ್ ಮಾತ್ರ; ಬೆಳಗಿನ ಹತ್ತು ಗಂಟೆಗೆ, ಮನೆಯವರೆಲ್ಲ ಕೆಲಸಕ್ಕೆ ಹೋಗಿ ಫ್ರಿಜ್ ಒಂದೇ ಓಡುತ್ತಿರುವಾಗ, ಅದರಲ್ಲೊಂದು ಸಣ್ಣ ಪಾಲು. ಶಾಖ ಹುಟ್ಟುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ, ಅಂದರೆ ಕರೆಂಟು ಅರ್ಧವಾದರೆ ಶಾಖ ಕಾಲಾಗುತ್ತದೆ. ಕೆಟ್ಟ ಜಾಯಿಂಟೂ ಆಗ ತಣ್ಣಗೆ, ಸಾಧುವಿನಂತೆ ಕುಳಿತಿರುತ್ತದೆ. ಥರ್ಮಲ್ ಕ್ಯಾಮೆರಾ ಹೊರೆ ಹೊತ್ತ 66 ಕೆ.ವಿ. ಲೈನುಗಳಲ್ಲಿ ಬಂಗಾರದಂಥ ಸಾಧನ. ಹಳ್ಳಿಯ ಕೊನೆಯ ಕವಲಿನಲ್ಲಿ ಅದರ ಚಿತ್ರ ಶುಭ್ರವಾಗಿದೆ ಎಂದು ನೆಮ್ಮದಿಪಡುವಂತಿಲ್ಲ.

ಲೈಡಾರ್ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಸೆಪ್ಟೆಂಬರಿನ ತಂಪಿನಲ್ಲಿ ಅಳೆದ ತಂತಿ ಬೇಸಿಗೆಯ ನಲವತ್ತೈದು ಡಿಗ್ರಿಯಲ್ಲಿ ಅದೇ ಎತ್ತರದಲ್ಲಿ ಇರುವುದಿಲ್ಲ. ಕಾದು ಉದ್ದವಾಗಿ ಜೋಲುತ್ತದೆ, ಬಿರುಗಾಳಿಗೆ ಪಕ್ಕಕ್ಕೂ ತೂಗುತ್ತದೆ. ಆದ್ದರಿಂದ ಅಳತೆಯನ್ನು ಹಾಗೇ ನಂಬದೆ, ಕಡು ಬೇಸಿಗೆಯ ದಿನ ತಂತಿ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ ಮರದ ಅಂತರ ನಿರ್ಧರಿಸಬೇಕು. ಈ ಕಂಪನಿ ಆ ಲೆಕ್ಕ ಮಾಡಿದೆ ಎಂಬುದಕ್ಕೆ ನನಗೆ ಸಿಕ್ಕ ಸಾಕ್ಷಿ ಬೇಲಿಯಂಚಿನ ಒಂದು ಮರ: ತಂತಿಯ ಕೆಳಗೆ ಅಲ್ಲ, ಪಕ್ಕಕ್ಕೆ ಸಾಕಷ್ಟು ದೂರದಲ್ಲಿದ್ದ ಅದರ ಒಂದೇ ಕೊಂಬೆಗೆ ನವೆಂಬರ್ ಮೊದಲ ವಾರ ಬಂದವರು ಗುರುತು ಹಾಕಿ ಕತ್ತರಿಸಿದರು. ಏಕೆ ಅದೊಂದೇ ಎಂದು ಕೇಳಿದ್ದಕ್ಕೆ, ಗಾಳಿಗೆ ತಂತಿ ಅಲ್ಲಿಯವರೆಗೆ ಬರುತ್ತದೆ ಎಂದು ಅವರಲ್ಲೊಬ್ಬ ಹುಡುಗ ತೋರುಬೆರಳಿನಿಂದ ಆಕಾಶದಲ್ಲಿ ಒಂದು ಜೋಕಾಲಿ ಬರೆದು ತೋರಿಸಿದ. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ನಡೆಯುವ ಜಂಗಲ್ ಕಟಿಂಗ್‌ನಲ್ಲಿ ಕತ್ತಿ ಹಿಡಿದವನ ಅಂದಾಜೇ ಅಳತೆಯಾಗಿರುವುದನ್ನು ಕಂಡ ನನಗೆ ಇದು ನಿಜಕ್ಕೂ ಸಂತೋಷ ಕೊಟ್ಟಿತು.

ಹಾರಾಟದಿಂದ ಸಿಕ್ಕ ಮುಖ್ಯ ಫಲ ಒಂಬತ್ತನೆಯ ಕಂಬ. ಆ ಕಂಬದ ಕೆಳಗೆ ನಾನು ದಿನವೂ ಬೆಳಗ್ಗೆ ನಡೆಯುತ್ತೇನೆ. ಹಳೆಯ ಚಟದಿಂದ ಕತ್ತೆತ್ತಿ ನೋಡುತ್ತೇನೆ. ದುರ್ಬೀನು ಹಿಡಿದೂ ನೋಡಿದ್ದೇನೆ. ನನ್ನ ಕಣ್ಣಿಗೆ ಅದು ನೆಟ್ಟಗೆ, ಆರೋಗ್ಯವಾಗಿ ನಿಂತ ಕಂಬ. ಹೆಲಿಕಾಪ್ಟರ್ ತೆಗೆದ ಚಿತ್ರದಲ್ಲಿ ಕಂಬದ ನೆತ್ತಿಯಲ್ಲಿ ಬೆರಳು ತೂರುವಷ್ಟು ಸೀಳು ಬಿಟ್ಟಿತ್ತು. ಇನ್ಸುಲೇಟರನ್ನು ಹೊತ್ತಿರುವ ಕಬ್ಬಿಣದ ಟೋಪಿಯ ಒಂದು ಸ್ಕ್ರೂ ಅರ್ಧ ಅಂಗುಲ ಎದ್ದು ನಿಂತಿತ್ತು. ಮಳೆನೀರು ಆ ಸೀಳಿನಲ್ಲಿ ಇಳಿದು ಮರ ಮೆತ್ತಗಾಗಿ, ಸ್ಕ್ರೂ ಹಿಡಿತ ಕಳೆದುಕೊಂಡಿದೆ. ಕೆಳಗಿನಿಂದ ನೋಡುವವನಿಗೆ ಟೋಪಿಯ ಅಂಚೇ ಅಡ್ಡ ಬರುವುದರಿಂದ ಇದು ಯಾವ ಕೋನದಿಂದಲೂ ಕಾಣುವುದಿಲ್ಲ. ಮೂವತ್ತೊಂದು ವರ್ಷದ ಅನುಭವ ಇಟ್ಟುಕೊಂಡು ನಾನು ಪ್ರತಿದಿನ ಆ ಕಂಬಕ್ಕೆ ಸಲ್ಲಿಸಿದ ಪ್ರಮಾಣಪತ್ರ ತಪ್ಪಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಒಂದು ಸ್ಕ್ರೂ ಎದ್ದರೆ ಏನಾದೀತು ಎಂದು ಕೇಳುವವರಿಗೆ ಈ ರಾಜ್ಯ 2009ರ ಫೆಬ್ರವರಿ 7ರಂದು ಉತ್ತರ ಕಂಡುಕೊಂಡಿದೆ. ಆ ಶನಿವಾರ ಮೆಲ್ಬರ್ನ್‌ನಲ್ಲಿ ತಾಪಮಾನ 46.4 ಡಿಗ್ರಿ ಮುಟ್ಟಿತ್ತು. ವಿಕ್ಟೋರಿಯಾದ ಕಾಡುಬೆಂಕಿಗಳಲ್ಲಿ 173 ಜನ ಸತ್ತರು. ಅಂದು ಹುಟ್ಟಿದ ಹನ್ನೊಂದು ದೊಡ್ಡ ಬೆಂಕಿಗಳಲ್ಲಿ ಐದಕ್ಕೆ ವಿದ್ಯುತ್ ಲೈನಿನ ವೈಫಲ್ಯ ಕಾರಣ ಎಂದು ಮುಂದೆ ಕುಳಿತ ರಾಯಲ್ ಕಮಿಷನ್ (ಸರ್ಕಾರಿ ವಿಚಾರಣಾ ಆಯೋಗ) ಹೇಳಿತು. ಆ ಪೈಕಿ ಮೂರನ್ನು ಬಿಡಿಸಿ ನೋಡಿದರೆ ಮೂರೂ ಕಂಬದ ತಲೆಯ ಕಥೆಗಳೇ. ಹಾರ್ಶಮ್ ಬಳಿ, ನಮ್ಮ ಒಂಬತ್ತನೆಯ ಕಂಬದಂತೆಯೇ, ಟೋಪಿ ಹಿಡಿದಿದ್ದ ಸ್ಕ್ರೂಗಳು ಮರದಲ್ಲಿ ಹಿಡಿತ ಕಳೆದುಕೊಂಡು ತಂತಿ ಕೆಳಗೆ ಬಂತು. ಕೋಲರೇನ್‌ನಲ್ಲಿ ತಂತಿಯನ್ನು ಇನ್ಸುಲೇಟರಿಗೆ ಕಟ್ಟುವ ಬೈಂಡಿಂಗ್ ತುಂಡಾಗಿ ತಂತಿ ಮರಕ್ಕೆ ತಾಗಿತು. ಎಲ್ಲಕ್ಕಿಂತ ಘೋರವಾದದ್ದು, 119 ಜನರನ್ನು ಬಲಿ ತೆಗೆದುಕೊಂಡ ಕಿಲ್ಮೋರ್ ಈಸ್ಟ್ ಬೆಂಕಿ.

ಕಿಲ್ಮೋರ್ ಈಸ್ಟ್‌ನ ಲೈನೂ ಒಂಟಿ ತಂತಿಯದು. ಒಂದು ಕಣಿವೆಯ ಮೇಲೆ ಎರಡೇ ಕಂಬಗಳ ನಡುವೆ ಒಂದು ಕಿಲೋಮೀಟರಿಗೂ ತುಸು ಹೆಚ್ಚು ಉದ್ದ ಎಳೆದಿದ್ದ, 43 ವರ್ಷ ಹಳೆಯ ತಂತಿ. ತಂತಿಯ ತುದಿಯನ್ನು ಕಂಬಕ್ಕೆ ಬಿಗಿಯುವ ಸುರುಳಿ ಫಿಟ್ಟಿಂಗ್, ತಾನು ಕೂರಬೇಕಾದ ಬಳೆಯಲ್ಲಿ ಸರಿಯಾಗಿ ಕೂತಿರಲಿಲ್ಲ. ಅಷ್ಟು ಉದ್ದದ ತಂತಿ ಗಾಳಿಗೆ ಸದಾ ಸಣ್ಣಗೆ ಕಂಪಿಸುತ್ತದೆ, ಮೇಲೆ ಹೇಳಿದೆನಲ್ಲ, ಆ ತಂಬೂರಿಯ ನಾದ. ಓರೆಯಾಗಿ ಕೂತ ಫಿಟ್ಟಿಂಗ್ ತಂತಿಯ ಒಂದೇ ಜಾಗದ ಮೇಲೆ ಆ ಕಂಪನದ ಭಾರ ಹೇರಿ, ಬೆರಳಲ್ಲಿ ಸರಿಗೆಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವಂತೆ ವರ್ಷಗಟ್ಟಲೆ ಕೆಲಸ ಮಾಡಿತು. ಕೊನೆಗೆ ಆ ದಿನದ ಬಿಸಿಗಾಳಿಯಲ್ಲಿ ತಂತಿ ಹರಿಯಿತು. ಸುಮಾರು ಒಂದು ವರ್ಷ ಮೊದಲು ನೆಲದಿಂದ ತಪಾಸಣೆ ನಡೆದಿತ್ತು, ದೋಷ ಕಂಡಿರಲಿಲ್ಲ. ಕಮಿಷನ್ನಿನ ಶಿಫಾರಸುಗಳಲ್ಲಿ ನಮ್ಮಂಥ ಗ್ರಾಹಕರಿಗೆ ನೇರ ಸಂಬಂಧಿಸಿದವು ಎರಡು: ಬೆಂಕಿಯ ಅಪಾಯ ಹೆಚ್ಚಿರುವ ಕಡೆ ಒಂಟಿ ತಂತಿಯ ಲೈನುಗಳನ್ನೂ 22 ಕೆ.ವಿ. ಲೈನುಗಳನ್ನೂ ಕನಿಷ್ಠ ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಮತ್ತು 300 ಮೀಟರಿಗಿಂತ ಉದ್ದದ ತಂತಿಗಳಿಗೆ ಕಂಪನ ತಗ್ಗಿಸುವ ಡ್ಯಾಂಪರ್ ಹಾಕಬೇಕು. ನಮ್ಮ ತೊರೆಯ ಮೇಲಿನ ಉದ್ದ ತಂತಿಗೆ ಎರಡೂ ತುದಿಯಲ್ಲಿ ಡ್ಯಾಂಪರ್ ಇರುವುದನ್ನು ಹೆಲಿಕಾಪ್ಟರಿನ ಚಿತ್ರದಲ್ಲಿ ನೋಡಿದೆ. ಸುರುಳಿ ಫಿಟ್ಟಿಂಗ್ ಬಳೆಯಲ್ಲಿ ಕೂತಿರುವುದೂ ಅದೇ ಚಿತ್ರದಲ್ಲಿ ಎಣಿಸಿ ಹೇಳುವಷ್ಟು ಸ್ಪಷ್ಟವಾಗಿತ್ತು. ಕಂಬದ ತಲೆ ನೋಡುವ ಮಟ್ಟಿಗೆ ಈ ಸೇವೆಗೆ ಸಾಟಿಯಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇದನ್ನು ಮಾಡುವವರ ಜೀವದ ಬೆಲೆಯನ್ನೂ ವಿಮರ್ಶೆಯಲ್ಲಿ ಸೇರಿಸದಿದ್ದರೆ ತಪ್ಪಾದೀತು. ಹೆಲಿಕಾಪ್ಟರಿನ ಎಂಜಿನ್ ಗಾಳಿಯಲ್ಲಿ ನಿಂತುಹೋದರೂ ಎತ್ತರ ಅಥವಾ ವೇಗ ಎರಡರಲ್ಲಿ ಒಂದು ಸಾಕಷ್ಟಿದ್ದರೆ, ಬೀಳುವಾಗ ರೆಕ್ಕೆ ತಾನೇ ತಿರುಗುವ ಬಲದಿಂದ ಪೈಲಟ್ ಅದನ್ನು ಇಳಿಸಬಲ್ಲ. ಎರಡೂ ಇಲ್ಲದ ಒಂದು ವಲಯವಿದೆ, ತಗ್ಗಿನಲ್ಲಿ ನಿಧಾನವಾಗಿ ಹಾರುವ ವಲಯ. ಪೈಲಟ್‌ಗಳು ಅದರ ನಕ್ಷೆಗೆ 'ಸತ್ತವನ ಗೆರೆ' ಎಂಬರ್ಥದ ಅಡ್ಡಹೆಸರಿಟ್ಟಿದ್ದಾರೆ. ಕಂಬದ ಬಳಿ ತೂಗಿ ನಿಲ್ಲುವ ಪ್ರತಿ ಅರ್ಧ ನಿಮಿಷವೂ ಆ ಗೆರೆಯೊಳಗೇ ಕಳೆಯುವಂಥದ್ದು. ಜೊತೆಗೆ ಅಡ್ಡ ಹಾಯುವ ಇನ್ನೊಂದು ಲೈನು. ಬಿಸಿಲಿಗೆ ಎದುರಾಗಿ ಹಾರುವಾಗ ತೆಳ್ಳನೆಯ ತಂತಿ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಪಳಗಿದ ಪೈಲಟ್‌ಗಳು ಲೈನನ್ನು ನಡುವೆ ದಾಟದೆ ಕಂಬದ ಮೇಲೆಯೇ ದಾಟುತ್ತಾರೆ, ಕಂಬವಾದರೂ ಕಾಣುತ್ತದಲ್ಲ! ನಮ್ಮ ಹಾರಾಟದಲ್ಲಿ ಮುಖ್ಯ ರಸ್ತೆಯ 22 ಕೆ.ವಿ. ಲೈನು ದಾಟುವಾಗ ಹೆಲಿಕಾಪ್ಟರ್ ಸುತ್ತು ಹಾಕಿಕೊಂಡು ಬಂದು ಕಂಬದ ಮೇಲೆಯೇ ದಾಟಿದ್ದನ್ನು ನೋಡಿ, ಒಳಗಿದ್ದವರು ಬಲ್ಲವರು ಎಂದು ತಿಳಿಯಿತು. ಮೂತಿಯ ಮೇಲೂ ಕೆಳಗೂ ತಂತಿ ಕತ್ತರಿಸುವ ಕತ್ತಿಯಂಥ ಕೋಡುಗಳಿದ್ದವು. ನೆರೆಯವರೊಬ್ಬರು, ಇಷ್ಟು ತಗ್ಗಿನಲ್ಲಿ ಏಕೆ ಹಾರಬೇಕು, ಮೇಲಿನಿಂದಲೇ ನೋಡಬಾರದೇ ಎಂದು ಸಿಡುಕುತ್ತಿದ್ದರು. ತಗ್ಗಿನಲ್ಲಿ ಹಾರುವುದು ಅವರ ಖುಷಿಗಲ್ಲ ಎಂದು ವಿವರಿಸಿದೆ.

ಇಲ್ಲಿಯವರೆಗೆ ಬರೆದದ್ದು ಹೊಗಳಿಕೆ. ಇನ್ನು ಮುಂದಿನದು ಅಲ್ಲ.

ಟಿ.ಸಿ.ಯಿಂದ ಮನೆಗೂ ಕೊಟ್ಟಿಗೆಗೂ ಹೋಗುವ ಲೋ ಟೆನ್ಷನ್ (ಕಡಿಮೆ ವೋಲ್ಟೇಜಿನ) ಲೈನು ನಮ್ಮದೇ ಜಮೀನಿನೊಳಗೆ ಎರಡು ಮರದ ಕಂಬಗಳ ಮೇಲಿತ್ತು. ವಿಕ್ಟೋರಿಯಾದ ನಿಯಮದಂತೆ ಕಂಪನಿಯ ಲೈನು ಮುಗಿಯುವ ಸರಬರಾಜು ಬಿಂದುವಿನಿಂದಾಚೆಯ ಇಂಥ ಖಾಸಗಿ ಲೈನು ಮಾಲೀಕರ ಹೊಣೆ. ಆದರೆ ಬೆಂಕಿಯ ಅಪಾಯ ಹೆಚ್ಚಿರುವ ಪ್ರದೇಶದಲ್ಲಿ 37 ತಿಂಗಳು ಮೀರದಂತೆ ಅದನ್ನು ಪರೀಕ್ಷಿಸುವುದು ವಿತರಣಾ ಕಂಪನಿಯ ಕರ್ತವ್ಯ. ಹೆಲಿಕಾಪ್ಟರ್ ನಮ್ಮ ಟಿ.ಸಿ.ಯವರೆಗೆ ಬಂದು, ಒಂದು ಸುತ್ತು ತಿರುಗಿ, ಆ ಎರಡು ಕಂಬಗಳ ಮೇಲೆಯೇ ಹಾದುಹೋಯಿತು. ಕೆಲವು ದಿನಗಳ ನಂತರ ಕೊಟ್ಟಿಗೆಯ ಬಳಿಯ ಕಂಬ ಸ್ವಲ್ಪ ವಾಲಿದಂತಿದೆ ಎಂದು ನಾನು ಹೇಳಿದಾಗ ಮಗಳು, "ಅಪ್ಪಾ, ಹೆಲಿಕಾಪ್ಟರ್‌ನಲ್ಲೇ ಬಂದು ನೋಡಿಕೊಂಡು ಹೋಗಿದ್ದಾರಲ್ಲ, ಇನ್ನೇನು?" ಎಂದಳು. ಸಂದೇಶ ಓದಿದ ಯಾರಿಗಾದರೂ ಹಾಗೇ ಅನ್ನಿಸಬೇಕು: 'ನಿಮ್ಮ ಜಮೀನಿನ ವಿದ್ಯುತ್ ಲೈನಿನ ಸುರಕ್ಷತಾ ತಪಾಸಣೆ' ಎಂದೇ ಅದರಲ್ಲಿ ಬರೆದಿತ್ತು. ಖಾಸಗಿ ಕಂಬಗಳು ಈ ಹಾರಾಟದಲ್ಲಿ ಸೇರಿಲ್ಲ, ಅವನ್ನು ಬೇರೆ ದಿನ ಬೇರೆಯವರು ನೆಲದ ಮೇಲೆ ಬಂದು ನೋಡುತ್ತಾರೆ ಎಂಬ ಒಂದು ಸಾಲು ಅಲ್ಲಿರಲಿಲ್ಲ. ಇನ್ನೂ ಮುಖ್ಯವಾದ ಸಂಗತಿ, ಯಾವ ಹೆಲಿಕಾಪ್ಟರ್ ಹಾರಾಟವೂ ಕಂಬದ ಬುಡ ನೋಡುವುದಿಲ್ಲ ಎಂಬುದನ್ನೂ ಎಲ್ಲೂ ಹೇಳಿರಲಿಲ್ಲ.

ಮರದ ಕಂಬ ಸಾಯುವುದು ಹೆಚ್ಚಾಗಿ ನೆಲಮಟ್ಟದಲ್ಲಿ, ಮಣ್ಣಿಗೂ ಗಾಳಿಗೂ ನಡುವಿನ ಒಂದು ಅಡಿಯಲ್ಲಿ. ತೇವವೂ ಗಾಳಿಯೂ ಸೇರುವ ಆ ಜಾಗದಲ್ಲಿ ಬೂಷ್ಟು ಕೊಳೆಸುತ್ತದೆ, ಗೆದ್ದಲು ಒಳಗಿನಿಂದ ತಿರುಳು ತಿನ್ನುತ್ತದೆ, ಹೊರಗಿನ ಚಿಪ್ಪು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಇದನ್ನು ಕಂಡುಹಿಡಿಯಲು ಒಬ್ಬ ಮನುಷ್ಯ ಬಂದು ಬುಡ ಕೆದಕಿ, ಸುತ್ತಿಗೆಯಿಂದ ಬಡಿದು ಸದ್ದು ಕೇಳಿ, ಸಣ್ಣ ರಂಧ್ರ ಕೊರೆದು ಗಟ್ಟಿ ಮರ ಎಷ್ಟು ಉಳಿದಿದೆ ಎಂದು ಅಳೆಯಬೇಕು. ಕೈಗೆ ಮಣ್ಣು ಮೆತ್ತದೆ ಈ ಕೆಲಸ ಆಗುವುದಿಲ್ಲ. ಅದನ್ನು ಮಾಡಿದ ಮೇಲೂ ತಪ್ಪುವುದುಂಟು: 2018ರ ಮಾರ್ಚ್ 17ರ ರಾತ್ರಿ ನೈಋತ್ಯ ವಿಕ್ಟೋರಿಯಾದ ಗಾರ್ವಾಕ್ ಬಳಿ, ಒಳಗೆ ಟೊಳ್ಳಾಗಿದ್ದ ಕಂಬವೊಂದು ಬಿರುಗಾಳಿಗೆ ಮುರಿದು ಬೆಂಕಿ ಹತ್ತಿತು, ಅದನ್ನು ಕೆಲವೇ ತಿಂಗಳ ಹಿಂದೆ ನೆಲದ ಮೇಲೆ ನಿಂತು ಪರೀಕ್ಷಿಸಲಾಗಿತ್ತು.

ನಮ್ಮ ಕೊಟ್ಟಿಗೆಯ ಕಂಬದ ಬುಡವನ್ನು ಒಂದು ಗೇಣು ಕೆದಕಿ ಸ್ಕ್ರೂಡ್ರೈವರ್ ಒತ್ತಿದೆ. ಬೇಯಿಸಿದ ಗೆಣಸಿಗೆ ಚುಚ್ಚಿದಂತೆ ಹಿಡಿಯವರೆಗೂ ಹೋಯಿತು. (ಇದು ಎಲ್ಲರೂ ಅನುಕರಿಸಬೇಕಾದ ಪ್ರಯೋಗವಲ್ಲ, ವಾಲಿದ ಕಂಬದ ಬುಡ ಕೆದಕುವ ಮುನ್ನ ಅದು ಬಿದ್ದರೆ ಯಾವ ಕಡೆ ಬೀಳುತ್ತದೆ ಎಂದು ತಿಳಿದಿರಬೇಕು.) ಕಂಪನಿಗೆ ಫೋನು ಮಾಡಿದರೆ, ದೂರವಾಣಿ ಕೇಂದ್ರದ ಹೆಣ್ಣುಮಗಳು ಬಹಳ ವಿನಯದಿಂದ, ನಿಮ್ಮ ವಿಳಾಸದ ತಪಾಸಣೆ ಈ ತಿಂಗಳು ಪೂರ್ಣಗೊಂಡಿದೆ ಎಂದು ದಾಖಲೆಯಲ್ಲಿ ತೋರಿಸುತ್ತಿದೆ ಎಂದರು. ಹಾರಾಟವೂ ಬುಡದ ಪರೀಕ್ಷೆಯೂ ಒಂದೇ ಹೆಸರಿನಲ್ಲಿ, ಒಂದೇ ಸಾಲಿನಲ್ಲಿ ದಾಖಲಾಗಿದ್ದರಿಂದ ಅವರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಮೂರು ಕರೆಗಳ ನಂತರ, ಖಾಸಗಿ ಕಂಬಗಳ ಕೊನೆಯ ನೆಲ ತಪಾಸಣೆ ಎರಡೂವರೆ ವರ್ಷದ ಹಿಂದೆ ನಡೆದಿತ್ತು, ಮುಂದಿನದಕ್ಕೆ ಇನ್ನೂ ಸಮಯವಿದೆ ಎಂದು ತಿಳಿಯಿತು. ಕಂಪನಿ ನಿಯಮ ಮುರಿದಿಲ್ಲ. ಆದರೆ ಒಂದು ಬೇಸಿಗೆ ಪೂರ್ತಿ ನಾವು ಕೊಳೆತ ಕಂಬದ ಕೆಳಗೆ, ಆಕಾಶದಿಂದ ಆಶೀರ್ವಾದ ಸಿಕ್ಕಿದೆ ಎಂಬ ನಂಬಿಕೆಯಲ್ಲಿ ಇರುತ್ತಿದ್ದೆವು.

ದಾಖಲೆಯ ಈ ಅಸ್ಪಷ್ಟತೆ ಸಣ್ಣ ವಿಷಯವಲ್ಲ ಎಂಬುದಕ್ಕೆ ಬೇರೆ ದೇಶದ ಒಂದು ಉದಾಹರಣೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ 2018ರ ನವೆಂಬರ್ 8ರಂದು ಪ್ಯಾರಡೈಸ್ ಎಂಬ ಊರನ್ನು ಸುಟ್ಟು 85 ಜನರನ್ನು ಕೊಂದ ಬೆಂಕಿ ಹುಟ್ಟಿದ್ದು, ಸುಮಾರು ನೂರು ವರ್ಷ ಹಳೆಯ ಪ್ರಸರಣ ಗೋಪುರದ ಒಂದು ಕಬ್ಬಿಣದ ಕೊಕ್ಕೆ ಸವೆದು ತುಂಡಾದದ್ದರಿಂದ. ಆ ಲೈನಿನ ಮೇಲೂ ಹೆಲಿಕಾಪ್ಟರ್ ಗಸ್ತು ನಡೆಯುತ್ತಿತ್ತು. ಅಲ್ಲಿನ ಕಂಪನಿ 2020ರಲ್ಲಿ, ಸತ್ತವರಲ್ಲಿ 84 ಜನರ ಸಾವಿನ ಬಗ್ಗೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಲೈನಿನುದ್ದಕ್ಕೂ ಹಾರಿಕೊಂಡು ಹೋಗುವ ಗಸ್ತು ಬೇರೆ, ಪ್ರತಿ ಕಂಬದ ಬಳಿ ನಿಂತು ಪ್ರತಿ ಕೊಕ್ಕೆಯನ್ನು ದಿಟ್ಟಿಸುವ ತಪಾಸಣೆ ಬೇರೆ. ಎರಡನ್ನೂ ಕಾಗದದಲ್ಲಿ 'ಪರೀಕ್ಷಿಸಲಾಗಿದೆ' ಎಂದೇ ಬರೆಯುವ ಅಭ್ಯಾಸ ನಮ್ಮ ಕಡೆಯ ಕಚೇರಿಗಳಿಗೂ ಅಪರಿಚಿತವಲ್ಲ. ನಮ್ಮ ಲೈನಿನಲ್ಲಿ ನಡೆದದ್ದು ಎರಡನೆಯ ಬಗೆಯ ತಪಾಸಣೆ, ಅದಕ್ಕೆ ನಾನೇ ಸಾಕ್ಷಿ. ಆದರೆ ನಾನು ಗಡಿಯಾರ ಹಿಡಿದು ನಿಲ್ಲದಿದ್ದರೆ ಗ್ರಾಹಕನಿಗೆ ಅದು ಯಾವ ಬಗೆಯದು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ವರದಿಯ ವಿಷಯಕ್ಕೂ ಇದೇ ದೂರು. ಒಂಬತ್ತನೆಯ ಕಂಬದ ಟೋಪಿ ಬದಲಿಸಲು ಸಿಬ್ಬಂದಿ ಬಂದದ್ದು ಹಾರಾಟವಾಗಿ ಏಳು ವಾರಗಳ ಮೇಲೆ, ಬೆಂಕಿಯ ಕಾಲ ಆರಂಭವಾಗುವ ಹೊಸ್ತಿಲಲ್ಲಿ. ತೆಗೆದ ಸಾವಿರಾರು ಚಿತ್ರಗಳನ್ನು ಕಚೇರಿಯಲ್ಲಿ ಕುಳಿತು ಮನುಷ್ಯರೇ ನೋಡಿ ತೀರ್ಮಾನಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ ಎಂದು ಬಂದ ತಂಡದ ಹಿರಿಯರು ಹೇಳಿದರು; ಒಪ್ಪುವ ಮಾತೇ. ಹಾರಲು ಹನ್ನೊಂದು ನಿಮಿಷ, ನೋಡಲು ಏಳು ವಾರ! ಚಿತ್ರಗಳನ್ನು ಗ್ರಾಹಕರಿಗೆ ಕೊಡುವ ಪದ್ಧತಿಯಿಲ್ಲ. ನಾನು ಬರವಣಿಗೆಯಲ್ಲಿ ಕೇಳಿ, ನೆನಪಿಸಿ, ಮತ್ತೆ ನೆನಪಿಸಿದ ಮೇಲೆ ನಮ್ಮ ಹದಿನಾಲ್ಕು ಕಂಬಗಳ ಚಿತ್ರ ಬಂದವು. ಬಂದದ್ದಕ್ಕೆ ಕೃತಜ್ಞತೆ ಇದೆ; ಕೇಳದೆಯೇ ಬರಬೇಕಿತ್ತು ಎಂಬ ಅಭಿಪ್ರಾಯವೂ ಇದೆ.

ಕರೆಂಟು ಕೈಕೊಡದೆ ಸಿಗುವುದರ ಲೆಕ್ಕದಲ್ಲೂ ಈ ಸೇವೆಯ ಬೆಲೆ ಅಳೆಯಬೇಕು. ಬೆಂಕಿ ಹಚ್ಚುವುದಕ್ಕೆ ಸಂಪೂರ್ಣ ನಿಷೇಧ ಇರುವ ಕಡು ಬೇಸಿಗೆಯ ದಿನಗಳಲ್ಲಿ, ಲೈನು ಒಮ್ಮೆ ಟ್ರಿಪ್ ಆದರೆ ತಾನಾಗಿ ಮತ್ತೆ ಚಾರ್ಜ್ ಆಗದಂತೆ ಸ್ವಿಚ್‌ಗಳನ್ನು ಹೊಂದಿಸಿಡುತ್ತಾರೆ. ಬಿದ್ದ ತಂತಿಗೆ ಮತ್ತೆ ಕರೆಂಟು ಹರಿದು ಕಿಡಿ ಹಾರಬಾರದು ಎಂಬುದಕ್ಕಾಗಿ. ಆಗ ಇಡೀ ಲೈನನ್ನು ನೋಡಿ ಮುಗಿಸಿದ ಮೇಲೆಯೇ ಕರೆಂಟು. ನಮ್ಮ ಮನೆಗೆ ನೀರು ಬರುವುದು ಮಳೆನೀರಿನ ಟ್ಯಾಂಕಿನಿಂದ, ಕರೆಂಟಿನ ಪಂಪಿನ ಮೂಲಕ. ಕರೆಂಟು ಹೋದರೆ ಬೆಂಕಿಯ ದಿನವೇ ನೀರಿಲ್ಲ. ಕಳೆದ ಜನವರಿಯಲ್ಲಿ ಹಾಗೆ ಒಮ್ಮೆ ಟ್ರಿಪ್ ಆದಾಗ ಕಾಲ್ನಡಿಗೆ ಮತ್ತು ಜೀಪಿನ ತಂಡವನ್ನೇ ನಂಬಿದ್ದರೆ ರಾತ್ರಿಯಾಗುತ್ತಿತ್ತು. ಗಾಳಿ ತಗ್ಗಿದ ಕೂಡಲೇ ಹೆಲಿಕಾಪ್ಟರ್ ಬಂದು ಲೈನು ನೋಡಿದ್ದರಿಂದ ಸಂಜೆ ಐದಕ್ಕೆ ದೀಪ ಹತ್ತಿತು. ಗಾಳಿ ಜೋರಿದ್ದಾಗ ಅದೂ ಹಾರುವುದಿಲ್ಲ ಎಂಬ ಕಾರಣಕ್ಕೆ ಅಳಿಯ ಈಗ ಡೀಸೆಲ್ ಪಂಪೊಂದನ್ನು ಕೊಂಡಿದ್ದಾನೆ.

ಊರಿನ ಸ್ನೇಹಿತರು ಫೋನಿನಲ್ಲಿ ಈ ಕಥೆ ಕೇಳಿ, ನಮ್ಮಲ್ಲೂ ಹೀಗೆ ಬರಬೇಕು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಭಾರತದಲ್ಲಿ ಪವರ್ ಗ್ರಿಡ್ ಸಂಸ್ಥೆ ತನ್ನ ಅತಿ ಹೆಚ್ಚಿನ ವೋಲ್ಟೇಜಿನ ಲೈನುಗಳಿಗೆ ಹೆಲಿಕಾಪ್ಟರ್ ಬಳಸಿದೆ, ಅಲ್ಲಿ ಅದಕ್ಕೆ ಅರ್ಥವಿದೆ. ಮಲೆನಾಡಿನ ಹನ್ನೊಂದು ಕೆ.ವಿ. ಲೈನು ಹೋಗುವುದು ಅಡಿಕೆ ತೋಟದ, ಕಾಡಿನ ಹಸಿರು ಸೂರಿನ ಕೆಳಗೆ. ಮೇಲಿನಿಂದ ನೋಡಿದರೆ ಎಲೆ ಬಿಟ್ಟು ಬೇರೇನೂ ಕಾಣದು. ನಮ್ಮ ಕಂಬಗಳು ಬಹುಪಾಲು ಸಿಮೆಂಟಿನವು, ನೆತ್ತಿ ಸೀಳಿ ನೀರು ಇಳಿಯುವ ರೋಗ ಅವಕ್ಕಿಲ್ಲ. ಯಾವ ಮರ ಯಾವ ಮಳೆಗೆ ತಂತಿಯ ಮೇಲೆ ಬೀಳುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಲೈನ್‌ಮನ್ ಅಲ್ಲಿದ್ದಾನೆ; ಅವನ ಕೈಗೆ ಒಂದು ಸಣ್ಣ ಡ್ರೋನ್ ಕೊಟ್ಟರೆ ಕಂಬದ ತಲೆಯೂ ಕಂಡೀತು. ಇಲ್ಲಿಯೂ ಡ್ರೋನ್ ಬಳಕೆ ಹೆಚ್ಚುತ್ತಿದೆ, ಆದರೆ ವಿಶೇಷ ಅನುಮತಿಯಿಲ್ಲದೆ ಹಾರಿಸುವವನ ಕಣ್ಣಳತೆ ಮೀರಿ ಅದನ್ನು ಕಳಿಸುವಂತಿಲ್ಲವಾದ್ದರಿಂದ ನೂರಾರು ಕಿಲೋಮೀಟರಿನ ಬಯಲಿಗೆ ಹೆಲಿಕಾಪ್ಟರೇ ಸದ್ಯಕ್ಕೆ ವೇಗದ ದಾರಿ.

ಕಂಬದ ತಲೆಯ ತಪಾಸಣೆಗೆ, ಮರ ಕಡಿಯುವ ಲೆಕ್ಕಾಚಾರಕ್ಕೆ, ಪೈಲಟ್‌ಗಳ ನೈಪುಣ್ಯಕ್ಕೆ ಐದಕ್ಕೆ ಐದು ಕೊಡುತ್ತೇನೆ. ಗ್ರಾಹಕರಿಗೆ ಮಾಹಿತಿ ಕೊಡುವ ವಿಷಯದಲ್ಲಿ ಒಂದೂವರೆ. ಅದರಲ್ಲಿ ಒಂದು ಅಂಕ ಕುದುರೆಗಳ ಬಗ್ಗೆ ಮುಂಚಿತವಾಗಿ ಹೇಳಿದ್ದಕ್ಕೆ. ಎರಡೂ ಖಾಸಗಿ ಕಂಬಗಳನ್ನು ತೆಗೆಸಿದ್ದೇವೆ. ಬೆಂಕಿಯ ಅಪಾಯ ಹೆಚ್ಚಿರುವ ಪ್ರದೇಶದಲ್ಲಿ ಇಂಥ ಲೈನನ್ನು ಹೊಸದಾಗಿ ಕಟ್ಟುವುದಾದರೆ ನೆಲದಡಿಯಲ್ಲೇ ಹಾಕಬೇಕೆಂಬ ನಿಯಮವಿರುವುದರಿಂದ ಕೇಬಲ್ ಹೂಳಿಸಿದೆವು, ಆ ಖರ್ಚು ಮಗಳ ಮನೆಯ ಮುಂದಿನ ಎರಡು ವರ್ಷದ ಪ್ರವಾಸಗಳನ್ನು ನುಂಗಿತು. ಹಾರಾಟದ ಸಂದೇಶದಲ್ಲಿ ಎರಡು ಸಾಲು ಸೇರಿಸಿ ಎಂದು ಕಂಪನಿಗೆ ಪತ್ರ ಬರೆದಿದ್ದೇನೆ: ಈ ಹಾರಾಟದಲ್ಲಿ ನಿಮ್ಮ ಯಾವ ಕಂಬಗಳನ್ನು ನೋಡುವುದಿಲ್ಲ, ಮತ್ತು ಅವುಗಳ ಬುಡವನ್ನು ಕೊನೆಯ ಸಲ ಪರೀಕ್ಷಿಸಿದ ದಿನಾಂಕ ಯಾವುದು. ಮುಂದಿನ ಸುತ್ತಿನ ಸಂದೇಶದಲ್ಲಿ ಆ ಎರಡು ಸಾಲುಗಳಿದ್ದರೆ ಮೇಲಿನ ಒಂದೂವರೆಯನ್ನು ತಿದ್ದುತ್ತೇನೆ.